ಮುಟ್ಟಬಾರದ ಮರಗಳು

ಲೂವೀನಿಯಾ ಅತ್ತೆ ಸರ್ಕಾರಿ ಅಧಿಕಾರಿಯ ಗಾಡಿಯ ಕೀಲಿ ಕಿತ್ತುಕೊಂಡಳು ಎಂಬುದು ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಪೆಟ್ರೋಲ್ ಬಂಕಿನಲ್ಲಿ, ಕ್ಷೌರದಂಗಡಿಯಲ್ಲಿ ಅದನ್ನು ಹೇಳಿಕೊಂಡು ನಗುತ್ತಾರೆ. ಯಾಕೆ ಕಿತ್ತುಕೊಂಡಳು ಎಂಬುದನ್ನು ಮಾತ್ರ ಯಾರೂ ಪೂರ್ತಿ ಹೇಳುವುದಿಲ್ಲ. ನಾನು ಹೇಳುತ್ತೇನೆ. ಅವಳ ಜಮೀನಿನ ಎದುರಿಗೇ ನನ್ನ ಮನೆ. ಮರ ಕಡಿದು ಲಾರಿಯಲ್ಲಿ ಸಾಗಿಸುವುದು ನನ್ನ ಕಸುಬು. ಆ ಕಾಡಿಗೆ ಏನು ಗತಿ ಬಂತೆಂದು ಕಣ್ಣಾರೆ ಕಂಡವನು ನಾನು.

ಅವಳು ನನಗೆ ಸೋದರತ್ತೆಯೇನೂ ಅಲ್ಲ. ಶಾಲೆಯ ಅಡುಗೆಮನೆಯಲ್ಲಿ ಊರಿನ ಎರಡು ತಲೆಮಾರಿಗೆ ಊಟ ಬಡಿಸಿದವಳು, ಹಾಗಾಗಿ ಎಲ್ಲರಿಗೂ ಅತ್ತೆ. ಅವಳಪ್ಪ ಇಜೆಲ್ ಪಿಟ್ಸ್ ಬೇರೆಯವರ ಪೈನ್ ಕಾಡುಗಳಲ್ಲಿ ತೊಗಟೆ ಕೆತ್ತಿ ರಾಳ ಇಳಿಸುವ ಕೂಲಿ ಮಾಡಿದವನು. ಜಾರ್ಜಿಯಾದ ಈ ಮೂಲೆಯಲ್ಲಿ ನಮ್ಮಂಥ ಕಪ್ಪು ಜನಕ್ಕೆ ಜಮೀನು ಮಾರುವುದೆಂದರೆ ಮೂಗು ಮುರಿಯುತ್ತಿದ್ದ ಕಾಲ ಅದು. ಅಂಥದ್ದರಲ್ಲಿ ಯಾರಿಗೂ ಬೇಡವಾಗಿದ್ದ ಮರಳು ನೆಲವನ್ನು ಕೊಂಡು, ಮಕ್ಕಳಿಬ್ಬರನ್ನೂ ಕಟ್ಟಿಕೊಂಡು ಪೈನ್ ಸಸಿ ನೆಟ್ಟ. "ಈ ಮರಕ್ಕೆ ಯಾರೂ ಕತ್ತಿ ಹಾಕಿ ರಾಳ ಇಳಿಸೋ ಹಾಗಿಲ್ಲ" ಎಂದಿದ್ದನಂತೆ. ಅಲ್ಲೊಂದು ಇಲ್ಲೊಂದು ಮರ ಆಯ್ದು ಮಾರಿದ್ದರಲ್ಲೇ ಅತ್ತೆಯ ಮಗಳು ನರ್ಸ್ ಓದಿದಳು, ಚರ್ಚಿಗೆ ಹೊಸ ಸೂರು ಬಂತು. ಅತ್ತೆಯ ತಮ್ಮ ಕ್ಲೆಮ್ಮಿ ಆ ಕಾಡಿನ ಅಂಚಿನಲ್ಲೇ ಒಂದು ತಗಡಿನ ಮನೆಯಲ್ಲಿ ಒಬ್ಬನೇ ಇದ್ದ. ಶ್ವಾಸಕೋಶದ ಕಾಯಿಲೆಯವನು. ಬಾಯಿ ಮಾತ್ರ ಗಟ್ಟಿ.

ಚಂಡಮಾರುತ ಕಡಲತೀರ ದಾಟಿ ನಮ್ಮ ತನಕ ಬರುತ್ತದೆಂದು ಯಾರೂ ಎಣಿಸಿರಲಿಲ್ಲ. ಅಕ್ಟೋಬರಿನ ಒಂದು ಮಧ್ಯಾಹ್ನ ಬಂತು. ಸಂಜೆಯ ಹೊತ್ತಿಗೆ ಅತ್ತೆಯ ಕಾಡು ಮಲಗಿಬಿಟ್ಟಿತ್ತು. ಕೆಲವು ಬೇರುಸಮೇತ, ಕೆಲವು ಆಳೆತ್ತರದಲ್ಲಿ ಮುರಿದು, ಎಲ್ಲವೂ ಒಂದೇ ದಿಕ್ಕಿಗೆ. ಮರುದಿನ ನಾನು ಹೋದಾಗ ಅವಳು ಜಗಲಿಯ ಮೇಲೆ ನಿಂತಿದ್ದಳು.

"ಇಲ್ಲಿಂದ ಹಳ್ಳ ಕಾಣ್ತಾ ಇದೆ ಕಣೋ ಹೋರೇಸ್" ಎಂದಳು. "ಚಿಕ್ಕವಳಿದ್ದಾಗ ಬಿಟ್ರೆ ಇಲ್ಲಿ ನಿಂತು ಹಳ್ಳ ಕಂಡಿರ್ಲಿಲ್ಲ."

ಬಿದ್ದ ಪೈನ್ ಹಸಿಯಿದ್ದಾಗಲೇ ಎತ್ತಬೇಕು. ಕೆಲವು ತಿಂಗಳು ಕಳೆದರೆ ಬೂಸ್ಟು ಹತ್ತಿ ನೀಲಿಗಟ್ಟುತ್ತದೆ, ಹುಳು ಹಿಡಿಯುತ್ತದೆ, ಆಮೇಲೆ ಕಾಗದದ ಕಾರ್ಖಾನೆಯೂ ಮುಟ್ಟುವುದಿಲ್ಲ. ನಾನು ಅಂದೆ: "ಅತ್ತೆ, ನನ್ನ ಯಂತ್ರ ತರ್ತೀನಿ. ಮರ ನಾನು ಒಯ್ತೀನಿ, ನೆಲ ಚೊಕ್ಕ ಮಾಡಿ ಕೊಡ್ತೀನಿ. ನೀನು ಏನೂ ಕೊಡೋದು ಬೇಡ."

"ಇರು, ಶಾಲೇಲಿ ಸಭೆ ಇದೆಯಂತೆ" ಎಂದಳು.

ಸಭೆಗೆ ನಾನೂ ಹೋದೆ. ಜಿಲ್ಲಾ ಕೃಷಿ ಕಚೇರಿಯ ದೊಡ್ಡ ಅಧಿಕಾರಿಯೊಬ್ಬ ವೇದಿಕೆಯ ಮೇಲೆ ನಿಂತು, ಹತ್ತಿ ಹೋದವರಿಗೆ, ಅಕ್ರೋಟಿನಂಥ ಪೀಕನ್ ತೋಟ ಹೋದವರಿಗೆ, ಸ್ವಂತ ಕಾಡು ಹೋದವರಿಗೆ ಸರ್ಕಾರ ಹೇಗೆ ಕೈ ಹಿಡಿಯುತ್ತದೆಂದು ವಿವರಿಸಿದ. ಕಾಡು ತೆರವು ಮಾಡಿ ಮತ್ತೆ ನೆಡುವ ಖರ್ಚಿನ ಬಹುಪಾಲು ಸರ್ಕಾರದ್ದು. ಒಂದೇ ಷರತ್ತು: ಅಧಿಕಾರಿ ಬಂದು ಹಾನಿ ನೋಡುವ ಮುಂಚೆ ಕೆಲಸ ಶುರು ಮಾಡಿದರೆ ನೆರವು ರದ್ದು.

"ಒಂದು ಕೊಂಬೇನೂ ಮುಟ್ಟಬೇಡಿ" ಎಂದ ಆ ಮಹಾಶಯ, ನಗುನಗುತ್ತಾ. "ನಾವೇ ಬರ್ತೀವಿ."

ದಾರಿಯಲ್ಲಿ ನಾನು ಮತ್ತೆ ಹೇಳಿದೆ: "ಇವರು ಬರೋ ಹೊತ್ತಿಗೆ ನಿನ್ನ ಮರ ಗೆದ್ದಲು ತಿಂದಿರುತ್ತೆ, ನನ್ನ ಮಾತು ಕೇಳು."

ಅವಳು ಗಾಡಿಯ ಕಿಟಕಿಯಾಚೆ ನೋಡುತ್ತಾ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ನಮ್ಮಪ್ಪ ಬೀಜದ ಸಾಲಕ್ಕೆ ಹೋದಾಗ ಆ ಕಚೇರಿ ಬಾಗಿಲಲ್ಲೇ ನಿಲ್ಲಿಸಿ ವಾಪಸ್ ಕಳಿಸಿದ್ರು. ಇವತ್ತು ಅದೇ ಕಚೇರಿಯವರು ನನ್ನನ್ನ ಸಭೇಲಿ ಕೂರಿಸಿ ಕಾಫಿ ಕೊಟ್ಟಿದಾರೆ. ನಾನು ನಿಯಮ ಮುರಿದ್ರೆ, 'ನೋಡಿ, ಈ ಜನ ಯಾವತ್ತೂ ಹೀಗೇ' ಅಂತಾರೆ. ಆ ಮಾತಿಗೆ ನಾನು ಆಸ್ಪದ ಕೊಡಲ್ಲ."

ಅರ್ಜಿ ಹಾಕಿದಳು. ಕಾದಳು.

ಹೆದ್ದಾರಿಯಾಚೆ ಒಂದು ದೊಡ್ಡ ಕಂಪನಿಯ ಕಾಡಿತ್ತು. ಅದೂ ಬಿದ್ದಿತ್ತು. ಅವರ ಹತ್ತಿರ ಅರ್ಜಿ ಬರೆಯುವುದಕ್ಕೆಂದೇ ಸಂಬಳದ ಜನ. ಅಧಿಕಾರಿಗಳು ಮೊದಲ ವಾರದಲ್ಲೇ ಅಲ್ಲಿ ಬೂಟು ಹಾಕಿಕೊಂಡು ಓಡಾಡಿದರು. ಕ್ರಿಸ್‌ಮಸ್ ಹೊತ್ತಿಗೆ ಅಲ್ಲಿ ಒಂದು ಕಡ್ಡಿಯೂ ಉಳಿದಿರಲಿಲ್ಲ. ಅಲ್ಲಿಂದ ಮರ ಹೊತ್ತು ಅತ್ತೆಯ ಮನೆ ಮುಂದೆಯೇ ಲಾರಿ ಓಡಿಸಿದವನು ನಾನು.

ಅವಳು ಕಚೇರಿಗೆ ಫೋನು ಮಾಡುತ್ತಿದ್ದಳು, ಹೋಗುತ್ತಿದ್ದಳು. ಕಡತ ನೋಡುತ್ತಿದ್ದವನಿಗೆ ವರ್ಗವಾಯಿತು. ಅವನ ಜಾಗಕ್ಕೆ ಬಂದವಳು ಹೆರಿಗೆ ರಜೆಗೆ ಹೋದಳು. ಆಮೇಲೆ ಬಂದವನು, "ನಿಮ್ಮದು ಮೇಲಿನ ಕಚೇರಿಗೆ ಹೋಗಿದೆ" ಎಂದ. ಯಾರಿಗೆ ಏನು ಗೊತ್ತಿತ್ತೋ ಇಲ್ಲವೋ, ಎಲ್ಲರಿಗೂ ಒಂದು ಮಾತು ಮಾತ್ರ ಬಾಯಿಪಾಠವಾಗಿತ್ತು: "ಅಲ್ಲಿತನಕ ಮುಟ್ಟಬೇಡಿ ಅಮ್ಮಾ."

ಕ್ಲೆಮ್ಮಿಗೆ ಅದು ಹಾಸ್ಯದ ವಸ್ತುವಾಯಿತು. ಅತ್ತೆ ಒಲೆಗೆ ಸೌದೆ ತಾ ಎಂದರೆ, "ಅಯ್ಯೋ, ಅವು ಸರ್ಕಾರಿ ಮರ ಕಣಕ್ಕಾ! ಒಂದು ಚಕ್ಕೆ ಎತ್ತಿದ್ರೆ ದೇಶದ ಅಧ್ಯಕ್ಷರೇ ಓಡಿ ಬರ್ತಾರೆ" ಎನ್ನುತ್ತಿದ್ದ. ಅವಳು ಸೌಟು ಎತ್ತಿ ತೋರಿಸುತ್ತಿದ್ದಳು. ಮೊದಮೊದಲು ನಗುತ್ತಿದ್ದಳು. ಎರಡನೆಯ ಬೇಸಿಗೆಯ ಹೊತ್ತಿಗೆ ನಗು ನಿಂತಿತ್ತು. ಮರಗಳು ಒಣಗಿ ಬೂದುಬಣ್ಣಕ್ಕೆ ತಿರುಗಿದ್ದವು. ಸಂದಿಗಳಲ್ಲಿ ಮುಳ್ಳುಬಳ್ಳಿ ಹಬ್ಬಿ ಒಳಗೆ ನಾಯಿಯೂ ನುಗ್ಗದಂತಾಗಿತ್ತು. ಈಗ ಬಿಟ್ಟಿಯಾಗಿ ಕೊಡುತ್ತೇನೆಂದರೂ ಒಯ್ಯುವವರಿಲ್ಲ. ನನಗೂ ಬೇಡವಾಗಿತ್ತು.

ಮರುವರ್ಷ ಮಾರ್ಚ್ ತಿಂಗಳ ಒಣಗಾಳಿಯಲ್ಲಿ ಬೆಂಕಿ ಬಂತು. ಯಾರದೋ ಹಿತ್ತಲಲ್ಲಿ ಕಸಕ್ಕೆ ಹಚ್ಚಿದ್ದಂತೆ. ಅತ್ತೆಯ ಜಮೀನಿನ ಬೇಲಿ ಮುಟ್ಟಿದ್ದೇ ತಡ, ಅದು ಬೆಂಕಿಯಾಗಿರಲಿಲ್ಲ, ಭೂತವಾಗಿತ್ತು. ರಾಳ ತುಂಬಿದ ಒಣ ಪೈನ್, ಪೆಟ್ರೋಲು ಸುರಿದಿಟ್ಟಂತೆ. ನಾನು ಯಂತ್ರದಲ್ಲಿ ಮಣ್ಣು ಕೆದಕಿ ತಡೆಸಾಲು ತೆಗೆಯುವಷ್ಟರಲ್ಲಿ ಅದನ್ನು ಹಾರಿ ದಾಟಿತು. ಕ್ಲೆಮ್ಮಿಯ ಮನೆ ಕಡೆ ಓಡಿದೆ. ಅವನು ಬಾಗಿಲಲ್ಲೇ ಮಂಡಿಯೂರಿ ಕೆಮ್ಮುತ್ತಿದ್ದ. ಹೆಗಲ ಮೇಲೆ ಹಾಕಿಕೊಂಡು ರಸ್ತೆಗೆ ತಂದೆ. ಹಿಂದೆ ತಿರುಗಿದಾಗ ಮನೆ ಇರಲಿಲ್ಲ. ಅವನು ಬದುಕಿದ. ಆದರೆ ಅಂದಿನಿಂದ ಆಮ್ಲಜನಕದ ಕೊಳವೆ ಮೂಗಿನಲ್ಲೇ, ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಮಂಚದ ಮೇಲೆ.

ಆಗ ಬಂದ ನೋಡಿ ಅಧಿಕಾರಿ! ಬೆಂಕಿ ಆರಿ ಇನ್ನೂ ಹೊಗೆಯಾಡುತ್ತಿತ್ತು. ಬೆಂಕಿಯ ಸುದ್ದಿ ಕೇಳಿ ಬಂದದ್ದಲ್ಲ. ಆ ಹಳೆಯ ಗಾಳಿ ಅರ್ಜಿಯ ಸರದಿ ಅಂದು ಬಂದಿತ್ತಂತೆ. ವೀಕ್ಸ್ ಎಂದು ಹೆಸರು. ನಡುವಯಸ್ಸಿನವನು, ಬೇರೆ ಜಿಲ್ಲೆಯಿಂದ ಹೊಸದಾಗಿ ಬಂದವನು. ರಸ್ತೆ ಬದಿಗೆ ಗಾಡಿ ನಿಲ್ಲಿಸಿ, ಎಂಜಿನ್ ಆರಿಸದೆ, ಗಾಜು ಇಳಿಸಿ ನೋಡಿದ. ಅತ್ತೆ ಗೇಟಿನಿಂದ ಬಂದು ಕಿಟಕಿಯ ಬಳಿ ನಿಂತಳು. ನಾನು ಪಕ್ಕದಲ್ಲಿದ್ದೆ.

"ಅಮ್ಮಾ, ಬಿದ್ದ ಮರ ಕಾಣಿಸ್ತಿಲ್ವಲ್ಲ" ಎಂದ.

"ಸುಟ್ಟುಹೋದ್ವು."

"ಹಾಗಾದ್ರೆ ಇದು ಬೆಂಕಿ ಹಾನಿ. ನಿಮ್ಮ ಅರ್ಜಿ ಇರೋದು ಗಾಳಿ ಹಾನಿಗೆ. ಅದಕ್ಕೀಗ ಪುರಾವೆ ಇಲ್ಲ. ಅದನ್ನ ಮುಚ್ಚಿ, ಬೆಂಕಿಗೆ ಅಂತ ಹೊಸದಾಗಿ ಹಾಕ್ಬೇಕಾಗತ್ತೆ."

ಅತ್ತೆಯ ದನಿ ಏರಲಿಲ್ಲ. "ಬೆಂಕಿ ಹತ್ತಿದ್ದು ಯಾವುದಕ್ಕೆ ಸ್ವಾಮಿ?"

"ಒಣ ಮರಕ್ಕೆ."

"ಒಣ ಮರ ಅಲ್ಲಿ ಯಾಕಿತ್ತು?"

ಅವನು ಕಡತದ ಹಾಳೆ ತಿರುವಿದ.

"ಮುಟ್ಟಬೇಡ ಅಂದೋರು ಯಾರು?"

"ನಾನಲ್ಲ ಅಮ್ಮಾ. ನನ್ನ ಹಿಂದಿನವರು."

"ನಿಮ್ಮಲ್ಲಿ ಯಾವಾಗ್ಲೂ ಹಿಂದಿನವರೇ. ಕಷ್ಟ ಪಡೋರು ಮಾತ್ರ ಇಲ್ಲಿ ಅದೇ ಹಳಬರು."

ಅವನು ನೊಂದವನಂತೆ ಕಂಡ, ನಿಜ. ಆದರೆ ಬಾಯಿಯಿಂದ ಬಂದದ್ದು ಮಾತ್ರ ಅದೇ: "ಹೊಸ ಪರಿಶೀಲನೆ ಆಗೋ ತನಕ ದಯವಿಟ್ಟು ಇಲ್ಲೇನೂ ಮುಟ್ಟಬೇಡಿ."

ಅತ್ತೆ ಕಿಟಕಿಯೊಳಗೆ ಕೈ ಹಾಕಿದಳು, ಕೀಲಿ ತಿರುಗಿಸಿ ಎಳೆದುಕೊಂಡಳು, ಎಂಜಿನ್ ನಿಂತಿತು.

"ಇಳಿ" ಎಂದಳು. ನೀವು ಹೋಗಿ ನೀನು ಆಗಿತ್ತು. "ಗಾಡೀಲಿ ಕೂತು ನೋಡೋಕೆ ಇದು ಸಿನಿಮಾ ಅಲ್ಲ. ಈ ಬೇಲಿಯಿಂದ ಹಳ್ಳದ ತನಕ ನಡಿ. ನಡೆದು ಬಾ, ಕೀಲಿ ಕೊಡ್ತೀನಿ."

"ಅಮ್ಮಾ, ಇದು ಸರ್ಕಾರಿ ವಾಹನ..."

"ಅದು ಸರ್ಕಾರಿ ಬೂದಿ. ನಡಿ!"

ಅವನು ಶೆರೀಫನ ಕಚೇರಿಗೆ ಫೋನು ಮಾಡಿದ. ಬಂದ ಪೊಲೀಸು ಡ್ವೈಟ್. ಚಿಕ್ಕವನಿದ್ದಾಗ ಅತ್ತೆಯ ಕೈಯಿಂದ ಎರಡೆರಡು ಸಲ ಬಡಿಸಿಕೊಂಡು ತಿಂದವನು. ಟೋಪಿ ಕೈಗೆ ತೆಗೆದುಕೊಂಡು ಅಂದ: "ಅತ್ತೆ, ಕೊಟ್ಬಿಡಿ. ನನ್ನ ಕೆಲಸಕ್ಕೆ ಕುತ್ತು ತರಬೇಡಿ."

"ಕೊಡಲ್ಲ ಅಂದೆನಾ? ಅವನು ನಡೆದು ಬರ್ಲಿ."

ಡ್ವೈಟ್ ಅವಳನ್ನು ನೋಡಿದ, ಸುಟ್ಟ ನೆಲವನ್ನು ನೋಡಿದ, ಕೊನೆಗೆ ವೀಕ್ಸನ ಕಡೆ ತಿರುಗಿದ. "ಸಾರ್, ನಡೆದುಬಿಡಿ. ಅದೇ ಬೇಗ ಮುಗಿಯತ್ತೆ" ಎಂದು ತನ್ನ ಗಾಡಿಗೆ ಒರಗಿ ನಿಂತ.

ಅತ್ತೆ, ವೀಕ್ಸ್, ನಾನು, ಮೂವರೂ ನಡೆದೆವು. ಹೆಜ್ಜೆಯಿಟ್ಟಲ್ಲೆಲ್ಲ ಬೂದಿ ಏಳುತ್ತಿತ್ತು. ವೀಕ್ಸನ ಪಾಲಿಶು ಮಾಡಿದ ಬೂಟು, ಪ್ಯಾಂಟು ಮಂಡಿಯ ತನಕ ಕಪ್ಪಾದವು. ಬೇರುಗಳು ಸುಟ್ಟುಹೋಗಿ ಉಳಿದ ಗುಂಡಿಯೊಂದರಲ್ಲಿ ಕಾಲು ಸಿಕ್ಕಿಸಿಕೊಂಡು ಬಿದ್ದ, ನಾನು ಎತ್ತಿದೆ. ಅತ್ತೆ ತಿರುಗಿ ನೋಡದೆ ಮುಂದೆ ಹೋಗುತ್ತಿದ್ದಳು. ಕ್ಲೆಮ್ಮಿಯ ಮನೆಯಿದ್ದ ಜಾಗದಲ್ಲಿ ಮಂಚದ ಕಬ್ಬಿಣದ ಚೌಕಟ್ಟು, ಒಂದು ಒಲೆ, ಸುರುಳಿಯಾದ ತಗಡು ಬಿದ್ದಿತ್ತು. ಅಲ್ಲಿ ನಿಂತಳು.

"ಇದಕ್ಕೆ ಯಾವ ಅರ್ಜಿ?" ಎಂದು ಕೇಳಿದಳು. "ಗಾಳೀದಾ, ಬೆಂಕೀದಾ? ನಿಮ್ಮ ಬಾಯಿ ಮಾತಿಂದ ಆದ ಹಾನಿಗೆ ಅಂತ ಬೇರೆ ಅರ್ಜಿ ಇದ್ರೆ ಅದನ್ನ ಕೊಡು, ತುಂಬ್ತೀನಿ."

ಹಳ್ಳದ ತನಕ ಹೋಗಿ ಬಂದೆವು. ಅವಳು ಕೀಲಿಯನ್ನು ಅವನ ಅಂಗೈಯಲ್ಲಿಟ್ಟಳು.

ಕಚೇರಿ ಬಿಡಲಿಲ್ಲ. ದೂರು ಹೋಯಿತು, ಅತ್ತೆ ನ್ಯಾಯಾಧೀಶರ ಮುಂದೆ ನಿಲ್ಲಬೇಕಾಯಿತು. ಲಿಖಿತ ಕ್ಷಮಾಪಣೆ ಕೊಟ್ಟರೆ ಬಿಡುತ್ತೇವೆಂದರು. ಅವಳು ದಂಡ ಕಟ್ಟಿದಳು, ಕ್ಷಮೆ ಕೇಳಲಿಲ್ಲ. ನ್ಯಾಯಾಲಯದಿಂದ ಬಂದವಳೇ ನನ್ನ ಅಂಗಳಕ್ಕೆ ಬಂದು ನಿಂತಳು.

"ಹೋರೇಸ್, ನಿನ್ನ ಯಂತ್ರ ತಗೊಂಡು ಬಾ."

"ಅತ್ತೆ, ಬೆಂಕಿಗೆ ಅಂತ ಹೊಸ ಅರ್ಜಿ ಹಾಕಿದೀಯಲ್ಲ. ಮುಟ್ಟಿದ್ರೆ ಅದೂ ಹೋಗತ್ತೆ."

"ಹೋಗ್ಲಿ. ಅವರ ಮಾತು ಕೇಳಿ ಕೈ ಕಟ್ಟಿ ಕೂತಿದ್ದಕ್ಕೆ ನನ್ನ ತಮ್ಮ ಇವತ್ತು ಕೊಳವೆ ಹಾಕ್ಕೊಂಡು ಉಸಿರಾಡ್ತಿದಾನೆ. ಇನ್ನೊಂದು ಬೇಸಿಗೆ ಕಾಯಲ್ಲ."

ಇಡೀ ಬೇಸಿಗೆ ತೆರವು ಮಾಡಿದೆವು. ಕಚೇರಿಯಿಂದ ಉತ್ತರವೂ ಬಂತು: ಪರಿಶೀಲನೆಗೆ ಮುಂಚೆ ಕೆಲಸ ಆರಂಭಿಸಿದ್ದರಿಂದ ನೆರವು ಇಲ್ಲ. ಈ ಸಲ ಮಾತ್ರ ಎಷ್ಟು ಬೇಗ ಬಂತು ನೋಡಿ! ಇಡೀ ಜಮೀನಿಗೆ ನೆಡುವ ಶಕ್ತಿ ಅವಳಿಗಿರಲಿಲ್ಲ. ಹಳ್ಳದ ಕಡೆಯದು ಇಂದಿಗೂ ಮುಳ್ಳುಪೊದೆಯೇ.

ಚಳಿಗಾಲದ ಒಂದು ಶನಿವಾರ ಚರ್ಚಿನ ಜನವೆಲ್ಲ ಸಸಿ ನೆಡಲು ಸೇರಿದ್ದೆವು. ವೀಕ್ಸ್ ತನ್ನ ಸ್ವಂತ ಕಾರಿನಲ್ಲಿ ಬಂದ, ಹಳೇ ಬಟ್ಟೆ, ದಪ್ಪ ಬೂಟು.

"ನಾನು ನೋಡಿದ್ದನ್ನೆಲ್ಲ ಬರೆದು ಕಳಿಸಿದ್ದೆ" ಎಂದ. "ಮೇಲಿನವರು ವಾಪಸ್ ಕಳಿಸಿದ್ರು. ನನ್ನಿಂದ ತಪ್ಪಾಯ್ತು ಅಮ್ಮಾ, ದಯವಿಟ್ಟು..."

"ಕ್ಷಮೆ ಗಿಮೆ ಕೇಳ್ಬೇಡ, ನನ್ನ ಹತ್ರ ಇಲ್ಲ" ಎಂದಳು ಅತ್ತೆ. "ವಾಪಸ್ ಕಳಿಸಿದ್ರೆ ಇನ್ನೊಂದು ಸಲ ಬರಿ. ಈಗ ಸಸಿ ನೆಡ್ತೀಯಾ?"

ಅವನು ತಲೆಯಾಡಿಸಿದ. ಕಲ್ಲುಗಟ್ಟಿದ, ಬೇರು ತುಂಬಿದ ಕೆಟ್ಟ ಸಾಲೊಂದನ್ನು ಹುಡುಕಿ ಅವನಿಗೆ ಕೊಟ್ಟಳು. ಮಧ್ಯಾಹ್ನ ಎಲ್ಲರ ಜೊತೆ ಅವನಿಗೂ ಅಲಸಂದೆ ಕಾಳು, ಹುರಿದ ಮೀನು ಬಡಿಸಿದಳು. ಕ್ಲೆಮ್ಮಿ ಕಿಟಕಿಯಿಂದ ಕೂಗಿದ, ಉಸಿರು ಹಿಡಿದು ಹಿಡಿದು: "ಅಕ್ಕಾ... ಅವನ ಕೀಲಿ... ಜೋಪಾನ!" ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ತಟ್ಟೆ ತೊಳೆದಿಟ್ಟು ಮತ್ತೆ ಸಾಲಿಗೆ ಹೋದಳು. ವೀಕ್ಸ್ ಆಗಲೇ ಅಲ್ಲಿದ್ದ, ಗುಂಡಿ ತೋಡುತ್ತಾ.