ಬಾಗಿಲಿಗೆ ಅಡ್ಡ ನಿಂತ ರುದ್ರೇಶಣ್ಣ

ನಿಮಗೂ ಹೀಗಾಗಿದೆಯಾ, ಹೇಳಿ. ಒಬ್ಬರ ಪಕ್ಕ ಸ್ವಲ್ಪ ಹೊತ್ತು ಕೂತರೆ ಸಾಕು, ಏನೂ ಆಗದೆ ಇದ್ದರೂ ನಮ್ಮ ಎದೆ ಹೊಡೆದುಕೊಳ್ಳಲು ಶುರುವಾಗುತ್ತದೆ. ಮನೆಯ ಗ್ಯಾಸ್ ಆರಿಸಿದ್ದೆನಾ, ಗಾಡಿ ಲಾಕ್ ಮಾಡಿದ್ದೆನಾ ಅಂತ ಇಲ್ಲದ್ದೆಲ್ಲ ನೆನಪಾಗುತ್ತದೆ. ಅಂಥವರು ನಿಮಗೆ ಯಾರಾದರೂ ಗೊತ್ತಾ? ನನಗೆ ಗೊತ್ತಿದ್ದರು. ಮೆಕ್ಯಾನಿಕ್ ರುದ್ರೇಶಣ್ಣ.

ಅರಕಲಗೂಡು ಕಡೆಯವರು. ಚನ್ನರಾಯಪಟ್ಟಣದಲ್ಲಿ ಯುಪಿಎಸ್, ಸ್ಟೆಬಿಲೈಸರ್, ಮಿಕ್ಸಿ ರಿಪೇರಿ ಅಂಗಡಿ ಇಟ್ಟಿದ್ದರು. ಯಾವ ಮಿಷನ್ ಆಗಲಿ, ಒಂದು ಕೈ ಕೆಲಸ ಮಾಡುತ್ತಿದ್ದರೆ ಇನ್ನೊಂದು ಕೈ ಸ್ವಿಚ್ಚಿನ ಮೇಲೇ ಇರಬೇಕು. ರಿಪೇರಿಯಾದ ಮಿಕ್ಸಿ ಕೊಡುವಾಗಲೂ "ಸರೋಗೈತೆ, ತಗಂಡೋಗಿ. ಆದ್ರೂವೆ ರುಬ್ಬೋವಾಗ ಪಕ್ದಲ್ಲೇ ನಿಂತಿರಿ" ಅನ್ನುತ್ತಿದ್ದರು. ಆ 'ಆದ್ರೂವೆ' ಕೇಳಿದ ಮೇಲೆ ಯಾವ ಹೆಂಗಸಿಗೆ ನೆಮ್ಮದಿಯಾಗಿ ಚಟ್ನಿ ರುಬ್ಬಲು ಸಾಧ್ಯ? ಹೊಳೆನರಸೀಪುರದ ಮಗಳ ಮನೆಗೆ ಹೋಗುವಾಗ ಬಸ್ಸಿನಲ್ಲಿ ಡ್ರೈವರ್ ಹಿಂದೆಯೇ ಕೂರುತ್ತಿದ್ದರು. ಡ್ರೈವರ್ ಬ್ರೇಕ್ ಒತ್ತುವ ಮೊದಲೇ ಇವರ ಬಲಗಾಲು ನೆಲ ಒತ್ತಿರುತ್ತಿತ್ತು. ನಾನು ರೇಗಿಸಿದರೆ ಒಂದೇ ಮಾತು: "ನಗು ಕಣ್ಲಾ, ನಗು. ನಗಾಕೆ ನೀವೆಲ್ಲ ಇದೀರ. ಎದ್ರುಕಳಾಕೂ ಒಬ್ಬ ಬೇಕಲ್ಲ."

ಹಿರೀಸಾವೆಯ ಹೈವೇ ಪಕ್ಕ ನನ್ನ ಭಾವ ಜಯಣ್ಣನ ಹೋಟೆಲ್. ಅಡುಗೆಮನೆ ನಮ್ಮ ಪದ್ಮಕ್ಕನದು, ಗಲ್ಲಾಪೆಟ್ಟಿಗೆ ನನ್ನದು. ರೋಬೋಟ್ ಊಟ ಬಡಿಸುವ ವಿಡಿಯೋ ಒಂದನ್ನು ಭಾವ ಮೊಬೈಲಿನಲ್ಲಿ ನೋಡಿದ್ದೇ ತಡ, ನಮ್ಮಲ್ಲೂ ಅದು ಬೇಕು, ಹೈವೇಲಿ ಹೋಗೋ ಕಾರೆಲ್ಲ ಇಲ್ಲೇ ನಿಲ್ಲಬೇಕು ಅಂತ ಹಟ ಹಿಡಿದ. ರುದ್ರೇಶಣ್ಣ ತಮ್ಮ ಖುಷಿಗೆ ಅಂತ ಒಂದು ಆಟದ ಗಾಡಿ ಮಾಡಿಟ್ಟಿದ್ದರು. ನೆಲದ ಮೇಲೆ ಕಪ್ಪು ಟೇಪ್ ಅಂಟಿಸಿದರೆ ಅದೇ ದಾರಿ ಹಿಡಿದು ಓಡುತ್ತಿತ್ತು. ಭಾವ ಅವರನ್ನೇ ಹಿಡಿದುಕೊಂಡು ಬಂದ.

ಅದೇ ಥರದ ದೊಡ್ಡ ಟ್ರಾಲಿ ತಯಾರಾಯಿತು. ಎರಡು ಮೋಟಾರು, ಒಂದು ಬ್ಯಾಟರಿ, ಮೇಲೆ ಸಾಂಬಾರಿನ ಬಕೆಟ್ ಇಡಲು ಸ್ಟೀಲ್ ತಟ್ಟೆ. ಟ್ರಾಲಿಯ ಹೊಟ್ಟೆಯಡಿ ಅಂಗಿ ಗುಂಡಿಯಂಥ ಸೆನ್ಸಾರುಗಳ ಸಾಲು. ಅಡುಗೆಮನೆಯಿಂದ ಟೇಬಲ್ಲುಗಳ ನಡುವೆ ಬಿಳಿ ಟೈಲ್ಸ್ ಮೇಲೆ ಕಪ್ಪು ಟೇಪು.

"ಅದುಕ್ಕೆ ಕಣ್ಣೇ ಇಲ್ವಲ್ಲಣ್ಣಾ, ಗೆರೆ ಎಂಗ್ ಕಾಣ್ತದೆ?" ಅಂದಳು ಅಕ್ಕ.

ರುದ್ರೇಶಣ್ಣ ಸೆನ್ಸಾರಿಗೆ ಮೊಬೈಲ್ ಕ್ಯಾಮೆರಾ ಹಿಡಿದು ತೋರಿಸಿದರು. ಬರಿಗಣ್ಣಿಗೆ ಕಾಣದಿದ್ದ ನೇರಳೆ ಚುಕ್ಕಿ ಪರದೆಯ ಮೇಲೆ ಹೊಳೆಯುತ್ತಿತ್ತು. "ಇದು ನಮ್ ಕಣ್ಗೆ ಕಾಣ್ದಿರೋ ಬೆಳಕು ಕಣವ್ವಾ. ನೆಲುಕ್ಕೆ ಬುಡ್ತದೆ. ಬಿಳೀದ್ರ ಮ್ಯಾಲೆ ಬಿದ್ರೆ ವಾಪಸ್ ಬತ್ತದೆ. ಕರೀದು ಬೆಳಕ್ನ ನುಂಗಾಕ್ಬುಡ್ತದೆ. ಬೆಳಕು ಎಲ್ಲಿ ವಾಪಸ್ ಬರ್ನಿಲ್ವೋ ಅಲ್ಲೇ ಗೆರೆ ಅಂತ ಈ ಬೋರ್ಡು ಚಕ್ರ ತಿರುಗುಸ್ತದೆ."

"ನಮ್ ಯಜಮಾನ್ರಿಗೂ ಒಂದ್ ಬೋರ್ಡ್ ಆಕ್ಬುಡಣ್ಣಾ, ನೆಟ್ಟುಗ್ ನಡೀಲಿ" ಅಂದಳು ಅಕ್ಕ. ಅವತ್ತು ರುದ್ರೇಶಣ್ಣನೂ ನಕ್ಕರು.

ಗೆರೆ ಕಾಣದೆ ಹೋದರೆ ಗಾಡಿ ನಿಂತುಬಿಡಬೇಕು ಅಂತ ಮೊದಲು ಮಾಡಿದ್ದರು. ಟೇಪ್ ಸವೆದಲ್ಲಿ, ನೆಲ ಒರೆಸಿದ ನೀರು ಇದ್ದಲ್ಲಿ, ಎಲ್ಲೆಂದರಲ್ಲಿ ನಿಲ್ಲತೊಡಗಿತು. ಭಾವನಿಗೆ ಉರಿದುಹೋಯಿತು. "ಇದೇನ್ ರೋಬೋಟಾ, ಮದ್ವೆ ಮೆರವಣಿಗೆನಾ? ಮಾರಿಗೊಂದ್ ಸತಿ ನಿಲ್ತದಲ್ಲಣ್ಣಾ!"

ಕೊನೆಗೆ ಗೆರೆ ತಪ್ಪಿದರೆ ಅತ್ತಿತ್ತ ತಿರುಗಿ ತಾನೇ ಹುಡುಕಿಕೊಳ್ಳುವ ಹಾಗೆ ಬದಲಾಯಿಸಿದರು. ಗಾಡಿ ಸಲೀಸಾಗಿ ಓಡಿತು. ನಾವೆಲ್ಲ ಚಪ್ಪಾಳೆ ಹೊಡೆದೆವು. ರುದ್ರೇಶಣ್ಣನ ಮುಖ ಮಾತ್ರ ಬಾಡಿಹೋಗಿತ್ತು.

"ನಿಂತ್ರೆ ಮರ್ವಾದೆ ಓಯ್ತದೆ, ಅಷ್ಟೇಯ. ಗೆರೆ ಉಡುಕ್ಕಂಡು ಟೇಬಲ್ ಕಡೀಕೆ ನುಗ್ಗುದ್ರೆ? ಮ್ಯಾಲಿರೋದು ಕುದಿಯೋ ಸಾಂಬಾರು ಕಣ ಜಯಣ್ಣ. ಕೂಸುಗಳು ಕೂತಿರೋ ಜಾಗ. ಚಟ್ನಿ ಇಡು, ಸಾಕು."

"ಚಟ್ನಿ ತರೋ ರೋಬೋಟ್ ನೋಡಾಕೆ ಯಾವನ್ ಬತ್ತಾನಣ್ಣಾ? ಅಬೆ ಆಡ್ತಾ ಬರ್ಬೇಕು, ಅಬೆ!"

ಒಂದು ವಿಷಯ ನಮಗೆ ಯಾರಿಗೂ ಹೊಳೆದಿರಲಿಲ್ಲ. ಹೋಟೆಲ್ ಖಾಲಿಯಾಗುವುದೇ ಮಧ್ಯಾಹ್ನದ ಊಟ ಮುಗಿದ ಮೇಲೆ. ಹಾಗಾಗಿ ಗಾಡಿ ಓಡಿಸಿ ನೋಡಿದ್ದೆಲ್ಲ ಇಳಿಹೊತ್ತಿನಲ್ಲಿ. ನಮ್ಮ ಬಾಗಿಲು ಪೂರ್ವಕ್ಕಿದೆ.

ಭಾನುವಾರ ಬೆಳಿಗ್ಗೆ ಶುರು ಮಾಡಿದೆವು. ತಿಂಡಿಯ ಜನ ತುಂಬಿತ್ತು, ಎಲ್ಲರ ಕೈಯಲ್ಲೂ ಮೊಬೈಲ್. ಹಬೆಯಾಡುವ ಸಾಂಬಾರಿನ ಬಕೆಟ್ ಹೊತ್ತು ಟ್ರಾಲಿ ಅಡುಗೆಮನೆ ಬಿಟ್ಟಿತು. ಆಗ ರುದ್ರೇಶಣ್ಣನ ಕಣ್ಣು ನೆಲಕ್ಕೆ ಬಿತ್ತು. ಬಾಗಿಲಿಂದ ಬಂದ ಬಿಸಿಲು ಚಾಪೆ ಹಾಸಿದ ಹಾಗೆ ಟೇಪಿನ ಮೇಲೆ ಬಿದ್ದಿತ್ತು. ಬಿಸಿಲಿನಲ್ಲೂ ಆ ಕಾಣದ ಬೆಳಕು ಬೇಕಾದಷ್ಟು ಇರುತ್ತದಂತೆ. ಅಲ್ಲಿ ಕಪ್ಪು ಟೇಪೂ ಗಾಡಿಗೆ ಬಿಳಿಯಾಗಿಯೇ ಕಾಣುತ್ತದೆ. ಗೆರೆ ಹುಡುಕಲು ತಿರುಗಿದರೆ ಎದುರಿಗೇ ಒಂದು ಟೇಬಲ್. ಅಲ್ಲಿ ಒಬ್ಬ ಹೆಂಗಸು ತೊಡೆಯ ಮೇಲೆ ಮಗು ಕೂರಿಸಿಕೊಂಡು ವಿಡಿಯೋ ತೆಗೆಯುತ್ತಿದ್ದಳು.

ರುದ್ರೇಶಣ್ಣ ಬಾಗಿಲಿಗೆ ಓಡಿದರು. ಕೈಕಾಲು ಅಗಲಿಸಿ ಅಡ್ಡ ನಿಂತರು. ಅವರ ನೆರಳು ಟೇಪಿನ ಮೇಲೆ ಬಿತ್ತು. ಗಾಡಿಯೂ ದಾಟಬೇಕು, ಭಾವನ ಮಾನವೂ ಉಳಿಯಬೇಕು, ಅಷ್ಟೇ ಅವರ ಲೆಕ್ಕ. ಆದರೆ ಹೊರಗೆ ಆಗಷ್ಟೇ ಒಂದು ಟೆಂಪೋ ಜನ ಇಳಿದಿದ್ದರು.

"ಏನಯ್ಯಾ ರುದ್ರೇಶ, ಗಿರಾಕಿಗಳ್ನ ಬಾಗ್ಲಲ್ಲೇ ತಡೀತಿದ್ಯಲ್ಲಾ! ಜಾಗ ಬುಡಯ್ಯಾ!" ಭಾವ ಕೂಗಿದ. ಅಣ್ಣ ಅನ್ನುವುದು ಆಗಲೇ ಹಾರಿಹೋಗಿತ್ತು.

"ಒಂದ್ ಗಳಿಗೆ ಕಣಪ್ಪಾ, ಒಂದೇ ಗಳಿಗೆ!"

ಹಸಿದವರು ಕೇಳುತ್ತಾರಾ? ತಳ್ಳಿಕೊಂಡು ಒಳಗೆ ಬಂದರು. ರುದ್ರೇಶಣ್ಣ ಪಕ್ಕಕ್ಕೆ ವಾಲಿದರು, ಬಿಸಿಲು ಒಳಗೆ ನುಗ್ಗಿತು. ಗಾಡಿ ಒಂದು ಸಲ ತಡವರಿಸಿತು. ಅವರು ಯಾರ ಕಾಲನ್ನೋ ತುಳಿದು, ಯಾರದೋ ಕಾಫಿ ಚೆಲ್ಲಿ, ಮಂಡಿಯೂರಿ ಬಿದ್ದು ಗಾಡಿಯ ಸ್ವಿಚ್ ಆರಿಸಿಬಿಟ್ಟರು. ಸಾಂಬಾರು ಬಕೆಟ್ಟಿನೊಳಗೇ ತುಳುಕಾಡಿ ಸುಮ್ಮನಾಯಿತು.

ಗಾಡಿ ಆ ಟೇಬಲ್ ಕಡೆಗೆ ತಿರುಗಿತ್ತಾ? ನನಗೆ ತಿರುಗಿದ ಹಾಗೇ ಕಂಡಿತು. ಭಾವ ಇವತ್ತಿಗೂ ಇಲ್ಲ ಅನ್ನುತ್ತಾನೆ.

ಆ ಹೆಂಗಸು "ಛೆ, ಒಳ್ಳೆ ವಿಡಿಯೋ ಬರ್ತಿತ್ತು" ಅಂದುಕೊಂಡು ಮಗುವಿಗೆ ಇಡ್ಲಿ ತಿನ್ನಿಸತೊಡಗಿದಳು.

"ಏನಾಯ್ತಯ್ಯಾ ಈಗ? ಏನೂ ಆಗ್ನಿಲ್ವಲ್ಲಾ! ಸುಮ್ಸುಮ್ಕೆ ಜನದ್ ಮುಂದೆ ಮಾನ ಕಳದ್ಬುಟ್ಯಲ್ಲಾ!" ಭಾವ ಎಲ್ಲರೆದುರಿಗೇ ಬೈದ.

ರುದ್ರೇಶಣ್ಣ ನೆಲದ ಮೇಲೇ ಕೂತಿದ್ದರು. ಕೈ ಇನ್ನೂ ಸ್ವಿಚ್ಚಿನ ಮೇಲೇ ಇತ್ತು. "ಏನೂ ಆಗ್ನಿಲ್ಲ. ನಂಗೆ ಬೇಕಾಗಿದ್ದದ್ದೂ ಅಷ್ಟೇ ಕಣ ಜಯಣ್ಣ" ಅಂದರು.

ಅವರು ಬಾಗಿಲಿಗೆ ಅಡ್ಡ ನಿಂತ ವಿಡಿಯೋ ಮಾತ್ರ ಊರೂರು ಸುತ್ತಿತು. ಅಂಗಡಿಗೆ ಬಂದವರೆಲ್ಲ ಕೈಕಾಲು ಅಗಲಿಸಿ ತೋರಿಸಿ ನಗುತ್ತಿದ್ದರು. ಸ್ವಲ್ಪ ಕಾಲಕ್ಕೆ ಅಂಗಡಿ ಮುಚ್ಚಿ ಅರಕಲಗೂಡಿಗೆ ಹೊರಟುಹೋದರು.

ಕೊನೆಯ ಸಲ ಸಿಕ್ಕಿದ್ದು ಹಾಸನದ ಬಸ್ ಸ್ಟ್ಯಾಂಡಿನಲ್ಲಿ. ಎದೆನೋವು ಅಂತ ಡಾಕ್ಟರಿಗೆ ತೋರಿಸಲು ಬಂದಿದ್ದರು. ಬಹಳ ಇಳಿದುಹೋಗಿದ್ದರು. ನಾನು ಆರೋಗ್ಯ ವಿಚಾರಿಸುವ ಮೊದಲೇ ಅವರೇ ಕೇಳಿದರು.

"ಗಾಡಿ ಓಡುಸ್ತಿದೀರೇನ್ಲಾ?"

"ಇಲ್ಲಣ್ಣಾ. ಮೂಲೇಲಿ ನಿಲ್ಸಿದೀವಿ. ಅಕ್ಕ ಅದ್ರ ಮ್ಯಾಲೆ ಈರುಳ್ಳಿ ಚೀಲ ಇಟ್ಟವ್ಳೆ."

"ಬ್ಯಾಟ್ರಿ ತಗುದ್ರಾ?"

"ಇಲ್ಲ..."

"ತಗ್ದಾಕು ಕಣ್ಲಾ. ಯಾರಾರ ಆಡಾಡ್ತಾ ಸ್ವಿಚ್ ಒತ್ಬುಟ್ರೆ? ಮರೀಬ್ಯಾಡ. ತಗ್ದ್ ಮ್ಯಾಕೆ ನಂಗೊಂದ್ ಮಾತು ಯೋಳು."

ಹಿರೀಸಾವೆಗೆ ಬಂದವನೇ ಬ್ಯಾಟರಿ ತೆಗೆದೆ. ಫೋನ್ ಮಾಡಿದರೆ ಸ್ವಿಚ್ ಆಫ್. ಮಾರನೇ ದಿನವೂ ಅಷ್ಟೇ. ಆಮೇಲೆ ಹೊಳೆನರಸೀಪುರದ ಮಗಳೇ ಫೋನ್ ಮಾಡಿ ಹೇಳಿದಳು, ಅಪ್ಪ ಹೋಗಿಬಿಟ್ಟರು ಅಂತ. ತೆಗೆದೆ ಅನ್ನುವ ಆ ಒಂದು ಮಾತು ನನ್ನ ಬಾಯಲ್ಲೇ ಉಳಿಯಿತು.

ಏನಾದರೂ ಆದರೆ ನೂರು ಜನ ವಿಡಿಯೋ ಹಾಕುತ್ತಾರೆ. ಏನೂ ಆಗದ ಹಾಗೆ ನೋಡಿಕೊಂಡವರಿಗೆ ಸಿಗುವುದು ಬೈಗುಳ. ಹಾಗೆ ಅಡ್ಡ ನಿಂತು ಬೈಸಿಕೊಂಡವರು ನಿಮ್ಮ ಮನೆಯಲ್ಲಿ, ಬೀದಿಯಲ್ಲಿ, ಕೆಲಸದ ಜಾಗದಲ್ಲಿ ಯಾರಾದರೂ ಇದ್ದರೆ ಅವರ ಕಥೆಯನ್ನು ಇಲ್ಲೇ ಕೆಳಗೆ ಬರೆಯಿರಿ, ಎಲ್ಲವನ್ನೂ ಓದುತ್ತೇನೆ. ಅವರು ಇನ್ನೂ ಬದುಕಿದ್ದರೆ ಮೊದಲು ಅವರಿಗೊಂದು ಫೋನ್ ಮಾಡಿ. ಬರೆಯುವುದು ಆಮೇಲೆ.