ಉಡಿಯೊಡ್ಡಿ ಕೂತದ್ದು

ನಮ್ಮ ವಿಜಯಪುರದ ಕಡೆ ಮನೆಗೆ ಬಂದ ಹೆಣ್ಣುಮಗಳನ್ನು ಬರಿಗೈಲಿ ಕಳಿಸುವ ಪದ್ಧತಿಯಿಲ್ಲ. ಸೆರಗು ಒಡ್ಡಿಸಿ, ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಸಿನ ಬೇರು, ಕುಪ್ಪಸಕ್ಕೊಂದು ಖಣ ಹಾಕಿ ಉಡಿ ತುಂಬಿಯೇ ಕಳಿಸಬೇಕು. ಜಗಳವಾಡಿ ಹೊರಟವಳಿಗೂ ಇದು ತಪ್ಪುವುದಿಲ್ಲ. ಮನೆಯವರು ಆ ಕಡೆ ಮುಖ ತಿರುಗಿಸಿಕೊಂಡು ತುಂಬುತ್ತಾರೆ, ಈಕೆ ಈ ಕಡೆ ಮುಖ ಮಾಡಿ ತುಂಬಿಸಿಕೊಳ್ಳುತ್ತಾಳೆ.

ಉಡಿಯ ಬಗ್ಗೆ ನನ್ನದೊಂದು ಸಿದ್ಧಾಂತವಿದೆ. ಗಂಡಸಿನ ಅಂಗಿಗೆ ದರ್ಜಿ ಕೇಳದೆಯೇ ಕಿಸೆ ಇಡುತ್ತಾನೆ. ನಮಗೆ ಇಡಲಿಲ್ಲ. ಅದಕ್ಕೆ ಅಳುತ್ತ ಕೂರದೆ ನಮ್ಮ ಹೆಂಗಸರು ಸೆರಗನ್ನೇ ಮಡಚಿ ಕಿಸೆ ಮಾಡಿಕೊಂಡರು. ಬಿಜ್ಜರಗಿಯ ಹೊಲದಲ್ಲಿ ಕಡಲೆ ಸೊಪ್ಪು ಚಿವುಟುವವಳನ್ನು ನೋಡಿ. ಅವಳ ಉಡಿಯಲ್ಲಿ ಒಂದು ಸಂಸಾರದ ಪಲ್ಯ ಹಿಡಿಸುತ್ತದೆ. ಆದ್ದರಿಂದ ಮಹಿಳಾ ಹಕ್ಕಿನ ಚರಿತ್ರೆಯನ್ನು ಉಡಿಯಿಂದಲೇ ಶುರು ಮಾಡಬೇಕು ಎಂದು ಪ್ರತಿ ಮಾರ್ಚ್ ತಿಂಗಳು ತಿಕೋಟಾದಲ್ಲೋ ಸಾರವಾಡದಲ್ಲೋ ಭಾಷಣ ಮಾಡಿ, ಚಪ್ಪಾಳೆಯ ಜೊತೆ ಒಂದು ಶಾಲನ್ನೂ ಹೊದ್ದು ಬರುತ್ತೇನೆ. ಕಪಾಟಿನಲ್ಲಿ ಈಗ ಶಾಲಿಗೆ ಜಾಗವಿಲ್ಲ.

ಗಂಡ ತೀರಿಕೊಂಡ ಮೇಲೆ ನನ್ನ ಸ್ವಂತ ಉಡಿ ಮಾತ್ರ ಖಾಲಿ. ಯಾವುದೇ ಮನೆಯಲ್ಲಿ ಅಕ್ಕಿಯ ತಾಟು ಹೊರಗೆ ಬಂತೆಂದರೆ ನನಗೆ ಅಡಿಗೆಮನೆಯ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಚಿಂತೆ ಹತ್ತುತ್ತಿತ್ತು. ಏಳು ಎಂದು ಯಾರೂ ಅಂದವರಲ್ಲ. ಅನ್ನುವ ಸಂಕಟ ಅವರಿಗೇಕೆಂದು ನಾನೇ ಏಳುತ್ತಿದ್ದೆ. ಅಷ್ಟು ಕರುಣೆ ನನಗೆ, ನನ್ನೊಬ್ಬಳನ್ನು ಬಿಟ್ಟು ಎಲ್ಲರ ಮೇಲೆ.

ಕಳೆದ ಚಳಿಗಾಲದಲ್ಲಿ ಬಬಲೇಶ್ವರದ ಅಣ್ಣನ ಮನೆಯಲ್ಲಿ ಅವನ ಮಗಳಿಗೆ ಕುಬಸ, ಅಂದರೆ ಬಸುರಿಯ ಸೀಮಂತ. ತಾಟು ಬಂತು, ನಾನು ಅಡಿಗೆಮನೆಗೆ ಹೋದೆ. ಅಲ್ಲಿ ಸುಮಾ ಒರೆಸಿದ ಲೋಟಗಳನ್ನೇ ಮತ್ತೆ ಒರೆಸುತ್ತ ನಿಂತಿದ್ದಳು. ಸುಮಾ ಘೋಣಸಗಿಯ ನನ್ನ ಅಕ್ಕನ ಮಗಳು. ಗಂಡೆಂದು ಬೆಳೆಸಿದರು, ತಾನು ಹೆಣ್ಣು ಎಂದು ಅವಳೇ ಹೇಳಿದಾಗ ಮನೆ ಬುಡಮೇಲಾಯಿತು. ಈಗ ವಿಜಯಪುರದ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ಬಳಗದವರು ಊಟಕ್ಕೆ ಕರೆಯುತ್ತಾರೆ. ಶಾಸ್ತ್ರಕ್ಕೆ ಕರೆಯಬೇಕೋ ಬೇಡವೋ ತಿಳಿಯದೆ ಸುಮ್ಮನಿರುತ್ತಾರೆ. ಬಳಗದ ನಡುವೆ ಇಳಕಲ್ ಸೀರೆ ಉಟ್ಟು ಬಂದದ್ದು ಅದೇ ಮೊದಲು. ಆ ದಿನ ಉಡಿ ಸಿಕ್ಕರೆ ಅವಳು ಈ ಮನೆಯ ಮಗಳು, ಸಿಗದಿದ್ದರೆ ಬರೀ ಅತಿಥಿ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನನಗೆ ಸಿಟ್ಟು ಬಂತು. ಸಿಟ್ಟಿನ ಬೆನ್ನಿಗೆ ಭಾಷಣವೂ ಬಂತು: ನಿನ್ನ ಹಕ್ಕು ಅದು, ಹೊರಗೆ ಹೋಗಿ ಕೂತುಕೋ ಎಂದೆಲ್ಲ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡು ಲೋಟ ಕೆಳಗಿಟ್ಟಳು.

"ಮೌಶಿ, ನನಗ ಹೊರಗ ಹೋಗು ಅಂತೀರಿ. ನೀವ್ಯಾಕ ಒಳಗ ಬಂದ್ರಿ?"

ಅವಳ ಕೈ ಹಿಡಿದುಕೊಂಡು ಹೊರಗೆ ಬಂದೆ. ಬಸುರಿಯ ಪಕ್ಕದಲ್ಲಿ ಇಬ್ಬರೂ ಕೂತೆವು. ಹಾಡುತ್ತಿದ್ದವರು ನಡುವೆಯೇ ನಿಲ್ಲಿಸಿದರು. ಅಣ್ಣನ ಹೆಂಡತಿ, ನಮ್ಮ ವೈನಿ, ತಾಟು ಹಿಡಿದುಕೊಂಡು ನಿಂತೇ ಇದ್ದರು. ನಾನೇ ಕೈಚಾಚಿ ತಾಟು ಇಸಿದುಕೊಂಡೆ.

ಆದರೆ ಸುಮಾ ಸೆರಗು ಒಡ್ಡುವುದು ಹೇಗೆ? ಜಾರೀತೆಂಬ ಹೆದರಿಕೆಗೆ ಹುಡುಗಿ ಭುಜದಿಂದ ಸೊಂಟದವರೆಗೆ ಪಿನ್ನು ಹೊಡೆದುಕೊಂಡು ಬಂದಿದ್ದಳು. ಮೊದಲ ಸಲ ಸೀರೆ ಉಟ್ಟಾಗ ನಾವೂ ಇದನ್ನೇ ಮಾಡಿದವರು. ಇಡೀ ಪಡಸಾಲೆ ನೋಡುತ್ತಿರುವಾಗ ಒಂದೊಂದೇ ಬಿಚ್ಚಿದೆ. ಯಾರೋ ನಕ್ಕರು, ಚುಚ್ಚುವ ನಗೆಯಲ್ಲ. ಅವಳ ಉಡಿ ತುಂಬಿದೆ. ಆಮೇಲೆ ಅವಳು ನನ್ನ ಉಡಿ ತುಂಬಿದಳು. ಮಡಿಲು ಭಾರವಾಯಿತು, ನನಗೆ ಅಳು ಬಂತು. ಸಂತೋಷದ ಅಳುವೇ, ಮುಚ್ಚಿಡಲಿಲ್ಲ.

ಏಳಲು ಹೊರಟಾಗ ವೈನಿ ತಡೆದರು.

"ಕೂಡ್ರಿ. ನಿಮ್ಮೊಳಗ ನೀವ ತುಂಬ್ಕೊಂಡ್ರ, ಮನಿಯಾಕಿ ನಾ ಯಾತಕ್ಕ ಅದೀನಿ?"

ಒಳಗಿನಿಂದ ಮತ್ತೆರಡು ಖಣ ತಂದು ಮೊದಲು ಸುಮಾಳಿಗೆ, ಆಮೇಲೆ ನನಗೆ ತುಂಬಿದರು. ಹಾಡು ಮುಂದುವರಿಯಿತು.

ನಮ್ಮ ಕಡೆಯವರ ಗುಣವೇ ಹಾಗೆ. ಒಳಗೆ ಹೋಗಿ ನಿಂತವರನ್ನು ಕರೆಯಲು ಮರೆತಾರು. ಎದುರಿಗೆ ಸೆರಗೊಡ್ಡಿ ಕೂತವರನ್ನು ಬರಿದೇ ಎಬ್ಬಿಸಲಾರರು.