ಮತ್ತೆ ಮೇಡ್ಲೇರಿ ರಸ್ತೆಗೆ

ರಾಣೆಬೆನ್ನೂರಿನ ಪೇಟೆಯಲ್ಲಿ ನನ್ನದೊಂದು ಮ್ಯಾಚಿಂಗ್ ಸೆಂಟರ್ ಇದೆ. ರವಿಕೆ ಬಟ್ಟೆ, ಲೈನಿಂಗ್, ಫಾಲ್, ದಾರ ಮಾರುವ ಸಣ್ಣ ಅಂಗಡಿ. ದಿನವಿಡೀ ನಿಂತೇ ಇರುವ ಕೆಲಸ. ನಲವತ್ತೆಂಟನೆಯ ವಯಸ್ಸಿನಲ್ಲಿ ಗೇರಿನ ಸೈಕಲ್ ಕೊಂಡಾಗ, ಇಷ್ಟು ದುಡಿಯುವವಳಿಗೆ ಇದೊಂದು ಯಾಕೆ ಬೇಕಿತ್ತು ಎಂದು ಓಣಿಯವರು ಆಡಿಕೊಂಡರು. ಆ ಹುಚ್ಚು ಹಿಡಿಸಿದವರು ನಮ್ಮ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ. ನನಗಿಂತ ಐದಾರು ವರ್ಷ ದೊಡ್ಡವರು. ಪಕ್ಕದ ಓಣಿಯಲ್ಲೇ ಅವರ ಮನೆ. ಅವರಿಗೆ ಸಕ್ಕರೆ ಕಾಯಿಲೆ ಶುರುವಾದಾಗ ದಿನಾ ನಡೆಯಿರಿ ಎಂದು ವೈದ್ಯರು ಹೇಳಿದ್ದರು. ನಡೆಯುವುದು ಬೇಸರವೆಂದು ಅವರು ಸೈಕಲ್ ತಂದರು, ಒಬ್ಬರೇ ಹೋಗಲು ಸಂಕೋಚವೆಂದು ನನ್ನಿಂದಲೂ ತರಿಸಿದರು.

ಬೆಳಿಗ್ಗೆ ಮೇಡ್ಲೇರಿ ರಸ್ತೆ ನಮ್ಮದು. ಊರು ದಾಟಿ, ಹೊಲಗಳ ನಡುವೆ ತುಳಿಯುತ್ತ ತುಂಗಭದ್ರೆಯ ದಂಡೆಯವರೆಗೆ ಹೋಗಿ, ಸ್ವಲ್ಪ ಹೊತ್ತು ನೀರು ನೋಡಿ, ಅಂಗಡಿ ತೆರೆಯುವ ಹೊತ್ತಿಗೆ ಮರಳುತ್ತಿದ್ದೆವು. ಮನೆಯಲ್ಲಿ ಎಲ್ಲದರಲ್ಲೂ ವೈನಿಯೇ ಮುಂದು. ಸೈಕಲ್ ಮೇಲೆ ಮಾತ್ರ ನಾನು. ನಾನು ಹೊಳೆ ಮುಟ್ಟಿ ಮುಖ ತೊಳೆದು ಕೂತ ಮೇಲೆ ಅವರು ಏದುಸಿರು ಬಿಡುತ್ತ ಬರುತ್ತಿದ್ದರು.

"ಕಾಲಿಗೆ ಮೋಟಾರ್ ಕಟ್ಟೀಯೇನು?" ಎಂದು ಬೈಯುತ್ತಲೇ ಸೈಕಲ್ ಇಳಿಯುತ್ತಿದ್ದರು.

ಹೀಗೆ ಎಂಟು ವರ್ಷ ನಡೆಯಿತು. ಮದುವೆ, ಹಬ್ಬ, ಮಳೆ ಎಂದು ನಡುವೆ ತಿಂಗಳುಗಟ್ಟಲೆ ಬಿಟ್ಟದ್ದೂ ಉಂಟು. ಆದರೆ ಮತ್ತೆ ಹತ್ತಿದ ವಾರದೊಳಗೆ ಕಾಲುಗಳು ಹಳೆಯ ಲಯ ಹಿಡಿಯುತ್ತಿದ್ದವು. ಶಕ್ತಿಯೆಂಬುದು ಕಪಾಟಿನಲ್ಲಿ ಮಡಿಸಿಟ್ಟ ಸೀರೆಯಂತೆ, ಬೇಕಾದಾಗ ತೆಗೆದು ಉಟ್ಟುಕೊಳ್ಳಬಹುದು ಎಂದೇ ನಾನು ತಿಳಿದಿದ್ದೆ.

ಹೋದ ವರ್ಷದ ಹಿಂದಿನ ಮಳೆಗಾಲದಲ್ಲಿ ನನಗೆ ಚಿಕೂನ್‌ಗುನ್ಯ ಬಂತು. ಜ್ವರ ವಾರದಲ್ಲಿ ಬಿಟ್ಟಿತು, ಕೀಲುನೋವು ಬಿಡಲಿಲ್ಲ. ಬೆಳಿಗ್ಗೆ ಹಾಸಿಗೆಯಿಂದ ಏಳಲು ಗೋಡೆ ಹಿಡಿಯಬೇಕು. ಬೆರಳುಗಳು ಊದಿ ಕತ್ತರಿ ಹಿಡಿಯಲಾಗದೆ, ಬಟ್ಟೆ ಕತ್ತರಿಸುವ ಕೆಲಸವನ್ನು ನನ್ನ ಗಂಡ ಮಾಡತೊಡಗಿದರು. ಪಾಪ, ಅವರಿಗೆ ನೇರವಾಗಿ ಕತ್ತರಿಸಲು ಬರುತ್ತಿರಲಿಲ್ಲ. ಹೆಂಗಸರು ಗೊಣಗಿಕೊಂಡೇ ಒಯ್ಯುತ್ತಿದ್ದರು. ಸೈಕಲ್ ಅಂಗಡಿಯ ಹಿಂದಿನ ಕೋಣೆ ಸೇರಿತು. ಮೊದಲು ಅದರ ಮೇಲೊಂದು ಟವೆಲ್ ಬಿತ್ತು, ಆಮೇಲೆ ಲೈನಿಂಗ್ ಬಟ್ಟೆಯ ಗಂಟುಗಳು. ಕೊನೆಗೆ ಅಲ್ಲೊಂದು ಸೈಕಲ್ ಇದೆ ಎಂಬುದೇ ಕಾಣದಂತಾಯಿತು.

ವೈನಿ ಮಾತ್ರ ಬಿಡಲಿಲ್ಲ. ಒಬ್ಬರೇ ಹೋಗುವ ಸಂಕೋಚ ಅವರಿಗೆ ಎಂದೋ ಹೋಗಿತ್ತು. ಮರಳುವಾಗ ಅಂಗಡಿಯ ಮುಂದೆ ನಿಂತು ಗಂಟೆ ಬಾರಿಸುತ್ತಿದ್ದರು. ಹೊಳೆಗೆ ನೀರು ಬಂದಿದೆ, ಹತ್ತಿ ಬಿಡಿಸುತ್ತಿದ್ದಾರೆ ಎಂದು ಸುದ್ದಿ ಹೇಳಿ ಹೋಗುತ್ತಿದ್ದರು. ನನಗೆ ಕೇಳಲು ಹಿತವೂ ಆಗುತ್ತಿತ್ತು, ಒಳಗೊಳಗೇ ಸಂಕಟವೂ ಆಗುತ್ತಿತ್ತು.

ಹೀಗೇ ವರ್ಷ ಕಳೆದ ಮೇಲೆ ಒಂದು ದಿನ ಸಲ್ವಾರ್ ತೊಟ್ಟು ಕನ್ನಡಿಯ ಮುಂದೆ ನಿಂತಾಗ ಅದು ಸೊಂಟದಲ್ಲಿ ಬಿಗಿಯಾಗಿ, ತೊಡೆಯಲ್ಲಿ ಸಡಿಲಾಗಿತ್ತು. ಬಟ್ಟೆಯ ವ್ಯವಹಾರ ಮಾಡುವವಳಿಗೆ ಅದರ ಅರ್ಥ ಹೇಳಿಕೊಡಬೇಕಿಲ್ಲ. ಎಂಟು ವರ್ಷ ತುಳಿದು ಗಳಿಸಿದ ಕಾಲು ಕರಗಿ ಹೋಗಿತ್ತು. ಅಂದು ಸಂಜೆ ಗಂಡನಿಗೆ, "ನಾ ಮತ್ತ ಸೈಕಲ್ ಹೊಡೀಬೇಕು ಅಂತೇನಿ," ಅಂದೆ.

"ಸ್ಕೂಟಿ ಐತಲ್ಲ, ಸಾಕ್ ಬಿಡು ಇನ್ನ. ಎಲ್ಲೆರೆ ಬಿದ್ದಗಿದ್ದಿ," ಅಂದರು. ಆದರೂ ಮರುವಾರ ಅವರೇ ನನ್ನನ್ನು ಹಾವೇರಿಗೆ, ಕೀಲಿನ ವೈದ್ಯರ ಹತ್ತಿರ ಕರೆದೊಯ್ದರು. ವೈದ್ಯರು ಮೊಣಕಾಲು ಮಡಿಸಿ ಬಿಡಿಸಿ ನೋಡಿದರು.

"ಹೊಡೀರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಮೊದಲ ತೊಡಿಗೆ ಬಲ ಬರಬೇಕು. ಕುರ್ಚಿ ಮ್ಯಾಲಿಂದ ಕೈ ಊರದ ಎದ್ದು ಕುಂದ್ರೋದು ರೂಢಿ ಮಾಡ್ರಿ. ಅದು ಹಗುರ ಆದಮ್ಯಾಲ ಸೈಕಲ್."

ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಸ್ಟೂಲಿನ ಮೇಲೆ ಅದನ್ನೇ ಮಾಡತೊಡಗಿದೆ. ಮೊದಮೊದಲು ಕೈ ಊರದೆ ಏಳಲು ಆಗುತ್ತಲೇ ಇರಲಿಲ್ಲ. ಫಾಲ್ ಕೊಳ್ಳಲು ಬಂದ ಒಬ್ಬಾಕೆ ಬಾಗಿಲಲ್ಲೇ ನಿಂತು ನೋಡಿ, "ಯಾಕ್ರೀ ಅಕ್ಕಾರ, ಸ್ಟೂಲ್ ಚುಚ್ಚಾಕತ್ತೇತೇನ್ರಿ?" ಎಂದು ಕೇಳಿದಳು. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಕೈ ಊರದೆ ಏಳುವುದು ಹಗುರವಾಗಿ, ದೀಪಾವಳಿ ಮುಗಿದ ಮೇಲೆ ಲೈನಿಂಗ್ ಗಂಟುಗಳನ್ನು ಇಳಿಸಿ, ಟೈರಿಗೆ ಗಾಳಿ ಹೊಡೆಸಿ, ವೈನಿಯ ಜೊತೆ ಹೊರಟೆ. ಊರೊಳಗಿನ ಸಪಾಟು ರಸ್ತೆಯಲ್ಲಿ ಎಲ್ಲ ಸರಿಯಿತ್ತು. ತಂಗಾಳಿ ಮುಖಕ್ಕೆ ತಾಕಿ ಖುಷಿಯಾಯಿತು. ಊರ ಹೊರಗೆ ಒಂದು ಸಣ್ಣ ಏರು ಇದೆ. ಅದನ್ನು ಏರು ಎಂದು ನಾನು ಯಾವತ್ತೂ ಎಣಿಸಿದ್ದಿಲ್ಲ. ಅಂದು ಅರ್ಧಕ್ಕೆ ಹೋಗುವಷ್ಟರಲ್ಲಿ ತೊಡೆ ನಡುಗಿ, ಎದೆ ಹೊಡೆದುಕೊಂಡು, ಇಳಿದು ರಸ್ತೆಬದಿಯ ಕಲ್ಲಿನ ಮೇಲೆ ಕೂತುಬಿಟ್ಟೆ. ಮೇಲೆ ತಲುಪಿದ್ದ ವೈನಿ ತಿರುಗಿ ನೋಡಿ ಇಳಿದು ಬಂದರು.

"ಅಳಾಕತ್ತೀಯೇನು?"

"ಇಲ್ರಿ, ದಮ್ಮು ಹತ್ತೇತಿ," ಅಂದೆ. ಅಳುವೂ ದಮ್ಮೂ ಎರಡೂ ಖರೆಯಾಗಿದ್ದವು.

ಅವರು ಸೈಕಲ್ ನಿಲ್ಲಿಸಿ ಪಕ್ಕದಲ್ಲಿ ಕೂತರು, ಬಾಟಲಿಯ ನೀರು ಕೊಟ್ಟರು. "ನಾಳೆಯಿಂದ ನಾನೂ ನಿನ್ನ ಜೋಡಿ ಇಲ್ಲಿ ಮಟಾನೇ ಬರ್ತೀನಿ," ಅಂದರು.

ನನಗದು ಬೇಡವಾಗಿತ್ತು. ನನ್ನಿಂದಾಗಿ ಅವರ ಹೊಳೆ ತಪ್ಪಿದರೆ ನನಗೆ ತುಳಿಯಲು ಮನಸ್ಸೇ ಬರುವುದಿಲ್ಲ. "ಬ್ಯಾಡ್ರಿ ವೈನಿ. ನೀವು ನಿಮ್ಮ ಹೊಳಿಗೆ ಹೋಗ್ರಿ. ನಾ ನನ್ನ ಕೈಲಾದಷ್ಟು ಬಂದು ತಿರುಗ್ತೀನಿ. ಬರೂ ಮುಂದ ನೀವು ನನ್ನ ಹಿಡೀರಿ," ಅಂದೆ.

ಅವರು ಸ್ವಲ್ಪ ಯೋಚಿಸಿ, "ಹಂಗಾದ್ರ ಹಿಡ್ಯಾಕ ಸಿಗಬ್ಯಾಡ ನೋಡು," ಎಂದು ನಕ್ಕು ಹೊರಟರು.

ನಮ್ಮ ಹೊಸ ಕ್ರಮ ಹೀಗೆ ಶುರುವಾಯಿತು. ಇಬ್ಬರೂ ಒಟ್ಟಿಗೆ ಹೊರಡುವುದು. ನಾನು ಸುಸ್ತಾಗುವ ಮೊದಲೇ ತಿರುಗುವುದು. ಅವರು ಹೊಳೆ ಮುಟ್ಟಿ ಬರುವುದು. ಮೊದಲ ದಿನಗಳಲ್ಲಿ ನಾನು ಮನೆಗೆ ಬಂದು ಚಹಾ ಕುಡಿದು ಮುಗಿಸಿದ ಮೇಲೆ ಅವರ ಗಂಟೆ ಕೇಳಿಸುತ್ತಿತ್ತು. ಆಮೇಲಾಮೇಲೆ ನಾನು ಇನ್ನಷ್ಟು ದೂರ ಹೋಗಿ ತಿರುಗತೊಡಗಿದಂತೆ ಅವರು ನನ್ನನ್ನು ಊರ ಅಂಚಿನಲ್ಲಿ ಹಿಡಿದರು. ಇನ್ನೂ ಕೆಲವು ದಿನ ಕಳೆದ ಮೇಲೆ ಊರಾಚೆಯ ಇಟ್ಟಿಗೆ ಭಟ್ಟಿಯ ಹತ್ತಿರ. ರೈತರು ಅರ್ಧ ರಸ್ತೆಗೆ ಗೋವಿನಜೋಳ ಒಣಹಾಕಿದ್ದ ಕಾಲ ಅದು. ಕಾಳಿನ ಹಾಸಿಗೆಯ ಅಂಚಿನಲ್ಲಿ ಹುಷಾರಾಗಿ ಸಾಗುತ್ತ, ವೈನಿ ಊರಿನಿಂದ ಎಷ್ಟು ದೂರದಲ್ಲಿ ಸಿಕ್ಕರೆ ಅಷ್ಟು ಸಂತೋಷಪಡುತ್ತಿದ್ದೆ.

ಆ ಸಂತೋಷ ಹೆಚ್ಚಾಗಿ ಒಂದು ವಾರ ಬಿಡದೆ ದಿನಾ ತುಳಿದೆ. ಏರನ್ನು ಇಳಿಯದೆ ಹತ್ತಿದೆ. ವಾರದ ಕೊನೆಗೆ ಬಲ ಮೊಣಕಾಲು ಬೆಲ್ಲದ ಅಚ್ಚಿನಂತೆ ಊದಿ ಕೂತಿತು. ಎಲ್ಲ ಮುಗಿಯಿತು ಎಂದೇ ಅನ್ನಿಸಿತು. ಹಾವೇರಿಯ ವೈದ್ಯರಿಗೆ ಫೋನ್ ಮಾಡಿದೆ.

"ಏನೂ ಮುಗಿದಿಲ್ರಿ ಅಕ್ಕಾರ," ಅಂದರು ಅವರು. "ನಿಮ್ಮ ಮನಸ್ಸು ಹಳೇ ಲೆಕ್ಕದಾಗ ಐತಿ, ಮೊಣಕಾಲು ಇವತ್ತಿಂದು. ಒಂದಿನ ತುಳೀರಿ, ಒಂದಿನ ಸುಮ್ನಿರ್ರಿ. ಸುಮ್ನಿದ್ದ ದಿನಾನೇ ಬಲ ಕೂಡತೈತಿ."

ಸುಮ್ಮನಿರುವುದು ನನಗೆ ತುಳಿಯುವುದಕ್ಕಿಂತ ಕಷ್ಟವಾಯಿತು. ಆದರೂ ಕಲಿತೆ. ಊತ ಇಳಿದ ಮೇಲೆ ದಿನ ಬಿಟ್ಟು ದಿನ ಹೊರಟೆ. ಹಗುರ ಗೇರಿನಲ್ಲಿ ತುಳಿದೆ. ಮೊದಲೆಲ್ಲ ಬರೀ ಚಹಾ ಕುಡಿದು ಹೊರಡುತ್ತಿದ್ದವಳು ಈಗ ಎರಡು ಬಾಳೆಹಣ್ಣು ತಿಂದು ಹೊರಡತೊಡಗಿದೆ. ಮಧ್ಯಾಹ್ನದ ಊಟಕ್ಕೆ ಮೊಳಕೆ ಕಾಳು, ಮೊಸರು ಹೆಚ್ಚಿಸಿದೆ. ನನಗೆ ಉಸಿರು ಮೊದಲು ಮರಳಿತು. ಮಾತಾಡುತ್ತಲೇ ತುಳಿಯಬಹುದು ಎಂಬುದು ಒಂದು ದಿನ ತಟ್ಟನೆ ಗಮನಕ್ಕೆ ಬಂತು. ತೊಡೆಗೆ ಬಲ ಬರಲು ಚಳಿಗಾಲ ಪೂರ್ತಿ ಬೇಕಾಯಿತು. ಧೈರ್ಯ ಎಲ್ಲಕ್ಕಿಂತ ಕೊನೆಗೆ ಬಂತು.

ಸಂಕ್ರಾಂತಿ ಕಳೆದ ಒಂದು ಬೆಳಿಗ್ಗೆ, ತಿರುಗಬೇಕೆಂದುಕೊಂಡ ಜಾಗದಲ್ಲಿ ತಿರುಗಲು ಮನಸ್ಸಾಗಲಿಲ್ಲ. ಇನ್ನೊಂದು ಹೊಲ, ಇನ್ನೊಂದು ಹೊಲ ಎಂದು ಹೋಗುತ್ತ ಹೋಗುತ್ತ ನೀರಿನ ವಾಸನೆ ಮೂಗಿಗೆ ಬಡಿಯಿತು. ವೈನಿ ದಂಡೆಯಲ್ಲಿ ಸೈಕಲ್ ತಿರುಗಿಸಿಕೊಂಡು ಹೊರಡುವುದರಲ್ಲಿದ್ದರು. ನನ್ನನ್ನು ಕಂಡು ಸೈಕಲನ್ನು ಹಾಗೇ ನೆಲಕ್ಕೆ ಬಿಟ್ಟರು.

"ಯವ್ವಾ! ಬಂದೇ ಬಿಟ್ಟೆಲ್ಲ!"

ನಾನು ಸೈಕಲ್ ನಿಲ್ಲಿಸಿದೆ. ಕಾಲು ನೀರಿಗಿಳಿಸಿ ಕೂತೆ. ನೀರು ಕೊರೆಯುವಷ್ಟು ತಣ್ಣಗಿತ್ತು. ಆಚೆ ದಂಡೆಯಲ್ಲಿ ಯಾರೋ ಪಂಪ್‌ಸೆಟ್ ಚಾಲೂ ಮಾಡಿದರು. ನಾವು ಅಂದು ತಡವಾಗಿ ಮರಳಿದೆವು. ಗಂಡ ಆಗಲೇ ಅಂಗಡಿ ತೆರೆದು, ಗಿರಾಕಿಯೊಬ್ಬಳ ಸೀರೆಗೆ ಒಪ್ಪದ ಹಸಿರನ್ನು ಒಪ್ಪುತ್ತದೆ ಎಂದು ವಾದಿಸುತ್ತಿದ್ದರು.

ಚಳಿ ಇಳಿಯುವ ಹೊತ್ತಿಗೆ ಇಬ್ಬರೂ ಬ್ಯಾಡಗಿಗೆ ಹೊರಟೆವು. ಅಲ್ಲಿ ನನ್ನ ತಂಗಿಯ ಮನೆ. ಹೆದ್ದಾರಿಯ ಲಾರಿಗಳ ಗೊಡವೆ ಬೇಡವೆಂದು ಒಳರಸ್ತೆ ಹಿಡಿದೆವು. ನಡುವೆ ಎರಡು ಸಲ ಇಳಿದು ಕೂತೆವು. ಹಿಂದೆ ನಾನು ಇಳಿಯದೆ ಹೋಗಿದ್ದ ದಾರಿ ಅದು. ಬ್ಯಾಡಗಿ ಹತ್ತಿರವಾದಂತೆ ಗಾಳಿಯಲ್ಲೇ ಮೆಣಸಿನಕಾಯಿ. ಮಾರುಕಟ್ಟೆಗೆ ಚೀಲ ಹೊತ್ತ ಗಾಡಿಗಳು ಸಾಲುಗಟ್ಟಿದ್ದವು. ಜೋರಾಗಿ ಉಸಿರೆಳೆಯುತ್ತಿದ್ದ ನಮ್ಮಿಬ್ಬರಿಗೂ ಗಂಟಲು ಹಿಡಿದು, ಸೀನುತ್ತ ಕೆಮ್ಮುತ್ತ ಕಣ್ಣೀರು ಸುರಿಸುತ್ತ ತಂಗಿಯ ಬಾಗಿಲಿಗೆ ಬಂದು ನಿಂತೆವು.

ತಂಗಿ ಗಾಬರಿಯಾಗಿ ಹೊರಗೆ ಓಡಿ ಬಂದಳು. "ಯಾಕವ್ವಾ, ಏನಾತು? ಇಬ್ರೂ ಅಳಾಕತ್ತೀರಲ್ಲ!"

"ನಿಮ್ಮೂರ ಮೆಣಸಿನಕಾಯಿ ಅಳಿಸಾಕತ್ತೇತಿ," ಎಂದು ವೈನಿ ಸೆರಗಿನಿಂದ ಮೂಗು ಒರೆಸಿಕೊಂಡರು. ಆಮೇಲೆ ಸೈಕಲ್ ನೋಡಿ ತಂಗಿ ಬಾಯಿ ಮೇಲೆ ಕೈ ಇಟ್ಟುಕೊಂಡಳು.

ರೊಟ್ಟಿ, ಮೆಂತೆ ಪಲ್ಲೆ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಅಷ್ಟು ಹಸಿವಿನಿಂದ ನಾನು ಉಂಡು ಎಷ್ಟೋ ದಿನವಾಗಿತ್ತು. ಉಂಡ ಮೇಲೆ ಮೂವರೂ ಚಾಪೆಯ ಮೇಲೆ ಉರುಳಿಕೊಂಡೆವು. ಮೊದಲಿನ ವೇಗ ನನಗೆ ಬಂದಿಲ್ಲ, ಬರುತ್ತದೆಂಬ ಆಸೆಯನ್ನೂ ಈಗ ಇಟ್ಟುಕೊಂಡಿಲ್ಲ. ಬೆಳಿಗ್ಗೆ ಬೆರಳುಗಳು ಇವತ್ತಿಗೂ ಒಂದಿಷ್ಟು ಹೊತ್ತು ಬಿಗಿಯಾಗಿಯೇ ಇರುತ್ತವೆ. ಆದರೆ ಚಾಪೆಯ ಮೇಲೆ ಮಲಗಿ ತೊಡೆ ಮುಟ್ಟಿ ನೋಡಿಕೊಂಡಾಗ, ಒಳಗೆ ಗಟ್ಟಿಯಾಗಿ ಏನೋ ಕೈಗೆ ಸಿಕ್ಕಿತು. ಐವತ್ತೆಂಟನೆಯ ವಯಸ್ಸಿನಲ್ಲಿ ಹೊಸದಾಗಿ ಬೆಳೆದ ಮಾಂಸಖಂಡ ಅದು, ನನ್ನದೇ.

ವೈನಿ ನಿದ್ದೆ ಹೋದರು ಎಂದುಕೊಂಡಿದ್ದೆ. ಅವರು ಕಣ್ಣು ಮುಚ್ಚಿಕೊಂಡೇ ತಂಗಿಯನ್ನು ಕೇಳಿದರು, "ಗುತ್ತಲ ಊರಿಗೆ ಸೈಕಲ್ ಮ್ಯಾಲ ಹೋಗಬೇಕಂದ್ರ ರಸ್ತೆ ಈಗ ಹೆಂಗೈತಿ? ಡಾಂಬರು ಮಾಡ್ಯಾರೇನು?"